ಡ್ರಿಲ್ ಟೀಚರ್ ಮತ್ತು ನೋವಿನ ಇಂಜೆಕ್ಷನ್

ಕಳೆದ ತಿಂಗಳು ಮೊಣಕಾಲು ನೋವೆಂದು ಮೆಡಿಕಲ್ ಶಾಪಿಗೆ ಹೋಗಿದ್ದೆ. ಡಾಕ್ಟರು ಹಿಂದೊಮ್ಮೆ ಬರೆದುಕೊಟ್ಟಿದ್ದ ಮಾತ್ರೆಯ ಖಾಲಿ ಪಟ್ಟಿಯನ್ನೇ ಕೌಂಟರಿನ ಮೇಲಿಟ್ಟು, ಇದನ್ನೇ ಕೊಡಮ್ಮ ಎಂದೆ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಪಟ್ಟಿಯ ಅಂಚಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಚೀಟಿ ಇಲ್ದೆ ಇದನ್ನ ಕೊಡೋ ಹಾಗಿಲ್ಲ ಅಜ್ಜಿ. ಸುಮ್ನೆ ನುಂಗ್ತಾ ಹೋದ್ರೆ ಕಿಡ್ನಿಗೆ ಪೆಟ್ಟು. ಇನ್ನೊಂದ್ಸಲ ತೋರಿಸ್ಕೊಂಡು ಬನ್ನಿ" ಎಂದಳು. ಹಿಂದೆ ನಿಂತಿದ್ದವರು ಯಾರೋ ನನ್ನ ಪರವಾಗಿ ಗೊಣಗಿದರು. ನನಗೆ ಮಾತ್ರ ಸಿಟ್ಟು ಬರಲಿಲ್ಲ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಮಾದಾಪುರದ ಡ್ರಿಲ್ ಟೀಚರ್ ನೆನಪಾದರು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೊಸದು. ನಾನು ಮೈಸೂರು ಕಡೆಯಿಂದ ಮಾದಾಪುರದ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸಲು ಹೋದವಳು. ಸ್ಟಾಫ್ ರೂಮಿನಲ್ಲಿ ಕೆಲವರು "ನಮ್ಮನ್ನ ನುಂಗಿದ ರಾಜ್ಯದವರು ಬಂದ್ರು" ಎಂದು ತಮಾಷೆಗೆ ಚುಚ್ಚುತ್ತಿದ್ದರು. ಹಾಗೆ ಚುಚ್ಚದೆ, ಮೊದಲ ದಿನವೇ ನನ್ನ ಟ್ರಂಕಿನ ಒಂದು ಹಿಡಿಯನ್ನು ತಾವು ಹಿಡಿದುಕೊಂಡವರು ಡ್ರಿಲ್ ಟೀಚರ್. ಅವರು ಕೇರಳದ ಗಡಿಯ ಕರಿಕೆ ಕಡೆಯವರು, ಮನೆಮಾತು ಕೊಡಗಿನ ಗೌಡರಾಡುವ ಅರೆಭಾಷೆ. ಗಂಡ ಸೈನ್ಯದಲ್ಲಿದ್ದು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಒಂದೇ ಮನೆಯನ್ನು ಹಲಗೆ ಹೊಡೆದು ಎರಡು ಮಾಡಿದ್ದರು. ಆಚೆ ಅವರು, ಈಚೆ ನಾನು. ಬೆಳಿಗ್ಗೆ ಹಲಗೆಗೆ ಬೆರಳಿನಿಂದ ತಟ್ಟಿ, "ಎದ್ದಿರಾ ಮೈಸೂರು?" ಎಂದು ಕೇಳುತ್ತಿದ್ದರು.

ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬಿಳಿ ಕ್ಯಾನ್ವಾಸ್ ಶೂ ಹಾಕಿ ಅವರು ಮೈದಾನಕ್ಕಿಳಿದರೆ ಎಸ್ಟೇಟಿನ ಕೂಲಿ ಲೈನುಗಳಿಂದ ಬರುವ ಬರಿಗಾಲಿನ ಹುಡುಗಿಯರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹೊಡೆಯುವುದಿರಲಿ, ಗದರಿಸಿದ್ದನ್ನೂ ನಾನು ಕಂಡವಳಲ್ಲ. ಓಟದಲ್ಲಿ ಕೊನೆಗೆ ಉಳಿದವಳ ಜೊತೆ ತಾವೂ ಓಡಿ, ಅವಳನ್ನು ಗೆರೆ ದಾಟಿಸುತ್ತಿದ್ದರು.

ಒಂದು ಶನಿವಾರ ಮಡಿಕೇರಿಯಿಂದ ಬಂದ ಬಸ್ಸು, ಅವರು ಪೂರ್ತಿ ಇಳಿಯುವ ಮೊದಲೇ ಹೊರಟುಬಿಟ್ಟಿತು. ಬೆನ್ನು ಕೆಳಗಾಗಿ ಕಲ್ಲಿನ ಮೇಲೆ ಬಿದ್ದರು. ನಾಲ್ಕಾರು ಎಸ್ಟೇಟುಗಳನ್ನು ಕಾರಿನಲ್ಲಿ ಸುತ್ತಿ ನೋಡುತ್ತಿದ್ದ ಖಾಸಗಿ ಡಾಕ್ಟರೊಬ್ಬರಿದ್ದರು, ಅವರನ್ನೇ ಕರೆಸಿದೆವು. ಕಿರುಚಾಡುತ್ತಿದ್ದ ಟೀಚರಿಗೆ ಅವರು ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಟೀಚರ ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. "ಅಬ್ಬಾ... ಬೆನ್ನೇ ಇಲ್ಲದ ಹಾಗೆ ಆಯ್ತು" ಎಂದು ನಕ್ಕರು. ಪೆಥಿಡಿನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆವತ್ತು. ಆ ದಿನದ ಮಟ್ಟಿಗೆ ಆ ಡಾಕ್ಟರು ನಮ್ಮ ಪಾಲಿನ ದೇವರೇ.

ಬೆನ್ನು ನಿಧಾನಕ್ಕೆ ಕೂಡಿಕೊಂಡಿತು. ಇಂಜೆಕ್ಷನ್ ಮಾತ್ರ ನಿಲ್ಲಲಿಲ್ಲ. ಮೊದಲು ಡಾಕ್ಟರೇ ಬಂದು ಚುಚ್ಚುತ್ತಿದ್ದರು. ಆಮೇಲೆ ಅವರಿಗೆ ಪುರುಸೊತ್ತಿಲ್ಲದೆ ಹೋಯಿತು. ಸಿರಿಂಜನ್ನೂ ಔಷಧಿಯ ಸಣ್ಣ ಗಾಜಿನ ಬುಡ್ಡಿಗಳನ್ನೂ ಡ್ರೈವರನ ಕೈಲಿ ಕಳಿಸಿ, ನೋವು ಬಂದಾಗ ನೀವೇ ಹಾಕಿಕೊಳ್ಳಿ ಎಂದು ಹೇಳಿಸಿದರು. ಸೂಜಿ ಕುದಿಸಿ ಚುಚ್ಚಿಕೊಳ್ಳುವುದನ್ನು ಟೀಚರ್ ಬೇಗ ಕಲಿತರು. ಆ ಔಷಧಿ ಮೈಗೆ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ.

ಆಮೇಲೆ ನಾನು ಕಂಡದ್ದು ಬೇರೆಯೇ ಒಬ್ಬರನ್ನು. ಬೆಳಿಗ್ಗೆ ಹಲಗೆ ತಟ್ಟುವ ಸದ್ದು ನಿಂತಿತು. ಬುಡ್ಡಿ ಬರುವುದು ತಡವಾದರೆ ಮೂಗು ಸೋರುವುದು, ಚಳಿಯಲ್ಲೂ ಬೆವರು, ಮೈಯೆಲ್ಲ ಹಿಂಡಿದಂತೆ ನೋವು. ಆಗ ಡಾಕ್ಟರ ಮನೆಗೇ ಹೋಗಿ ಬಾಗಿಲಲ್ಲಿ ನಿಂತು ಅತ್ತು ತೆಗೆದುಕೊಂಡು ಬರುತ್ತಿದ್ದರು. ತೊಡೆಯ ಮೇಲೆ ಕಲ್ಲಿನಂಥ ಗಂಟುಗಳು ಎದ್ದಿದ್ದವು. ನಾನೊಮ್ಮೆ ಮೆಲ್ಲಗೆ ಮಾತೆತ್ತಿದಾಗ, "ನೋವು ನಿಮಗುಂಟಾ, ನಂಗುಂಟಾ?" ಎಂದು ಬಾಗಿಲು ಹಾಕಿಕೊಂಡರು.

ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದವಳು ಕಿಟಕಿಯಾಚೆ ನೋಡಿದೆ. ಮೈದಾನದಲ್ಲಿ ಹುಡುಗಿಯರೆಲ್ಲ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಪುಟ ತಿರುಗಿಸಿ ಮತ್ತೆ ನೋಡಿದರೂ ಹಾಗೇ ನಿಂತಿದ್ದರು. ಓಡಿಹೋದೆ. ಟೀಚರ್ ಮೆಟ್ಟಿಲ ಮೇಲೆ ಕೂತಲ್ಲೇ, ಗೋಡೆಗೊರಗಿ ನಿದ್ದೆ ಹೋಗಿದ್ದರು. ಕೈ ಇಳಿಸಿ ಎಂದು ಅವರು ಹೇಳಿರಲಿಲ್ಲ, ಆದ್ದರಿಂದ ಒಬ್ಬಳೂ ಇಳಿಸಿರಲಿಲ್ಲ. ಮುಂದಿನ ಸಾಲಿನ ಸಣ್ಣವಳೊಬ್ಬಳು ನಡುಗುವ ತೋಳುಗಳನ್ನು ಹಾಗೇ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

ಎಬ್ಬಿಸಿದೆ. ಟೀಚರ್ ಎದ್ದು ಆ ಸಾಲುಗಳನ್ನು ನೋಡಿದರು. ಹೋಗಿ ಆ ಸಣ್ಣವಳ ಕೈಗಳನ್ನು ತಾವೇ ಹಿಡಿದು ಕೆಳಗಿಳಿಸಿ, ತೋಳು ತಿಕ್ಕಿದರು. ನನ್ನ ಕಡೆ ತಿರುಗಿ, "ನಾಳೆ ಮಡಿಕೇರಿಗೆ ನನ್ನ ಜೊತೆ ಬರ್ತೀರಾ? ದಾರಿಯಲ್ಲಿ ನಾನು ಬೇಡ ಅಂದ್ರೂ ವಾಪಸ್ ಕರ್ಕೊಂಡು ಬರ್ಬಾರ್ದು" ಎಂದರು.

ದಾರಿಯಲ್ಲಿ ಅವರು ಬೇಡ ಎಂದರು. ಬಸ್ಸಿನಲ್ಲಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡು, ಇಳಿಯೋಣ ಎಂದು ಗೋಗರೆದರು. ನಾನು ಇಳಿಸಲಿಲ್ಲ.

ಸರಕಾರಿ ಆಸ್ಪತ್ರೆಯ ಲೇಡಿ ಡಾಕ್ಟರ್ ಎಲ್ಲವನ್ನೂ ಕೇಳಿ, "ಇದು ಕಾಯಿಲೆ. ಕೆಟ್ಟ ನಡತೆ ಅಂತ ತಿಳ್ಕೊಂಡ್ರೆ ನನ್ನ ಕೈಲಿ ವಾಸಿ ಮಾಡಕ್ಕಾಗಲ್ಲ" ಎಂದರು. ಔಷಧಿಯನ್ನು ಒಮ್ಮೆಲೇ ನಿಲ್ಲಿಸದೆ, ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ವಾಂತಿ, ನಡುಕ, ನಿದ್ದೆಯಿಲ್ಲದ ಕಣ್ಣು... ವಾರದ ಕೊನೆಗೆ ನಾನು ಹೋದಾಗಲೆಲ್ಲ ಟೀಚರ್ ಇನ್ನಷ್ಟು ಸಣ್ಣಗಾಗಿರುತ್ತಿದ್ದರು. ಆದರೆ ಒಂದು ಸಲ ಹೋದಾಗ ವಾರ್ಡಿನ ಬಾಣಂತಿಯರನ್ನು ಮಂಚದ ಪಕ್ಕ ಸಾಲಾಗಿ ನಿಲ್ಲಿಸಿ ಉಸಿರಾಟದ ಕಸರತ್ತು ಹೇಳಿಕೊಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದ ನನಗೆ ಅಳು ತಡೆಯಲಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೂ ನಾನು ಅವರನ್ನು ಮರೆಯುತ್ತಿರಲಿಲ್ಲ. ಟೀಚರ್ ಗುಣವಾಗಿ ಮರಳಿ ಬಂದ ಮೇಲೆ ಒಂದು ಸಂಜೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಅವರ ಮನೆಗೆ ಬಂದರು. ಕೂತು ಬಹಳ ಹೊತ್ತು ಟೋಪಿ ತಿರುಗಿಸಿದರು. ಆಮೇಲೆ, "ನನ್ನ ಹೆಂಡ್ತಿಗೂ ಅದೇ ಬುಡ್ಡಿ ಬರ್ತಾ ಉಂಟು ಟೀಚರ್. ಹೆರಿಗೆ ಆಗಿ ಮಗು ನಡೀಲಿಕ್ಕೆ ಶುರು ಮಾಡ್ತು, ಇಂಜೆಕ್ಷನ್ ಇನ್ನೂ ನಿಂತಿಲ್ಲ" ಎಂದರು. ಟೀಚರ್ ಅವರಿಗೆ ಲೇಡಿ ಡಾಕ್ಟರ ವಿಳಾಸ ಹೇಳಿ ಕಳಿಸಿದರು. ಮರುದಿನ ನನ್ನನ್ನು ಕರೆದುಕೊಂಡು ವಕೀಲರ ಮನೆಗೆ ಹೊರಟರು.

ವಕೀಲರು ವಯಸ್ಸಾದವರು, ನಿಧಾನದವರು. ದಾರಿ ಮೂರಿದೆ ಎಂದರು. ಅಪಾಯದ ಔಷಧಿಯನ್ನು ಲೆಕ್ಕವಿಲ್ಲದೆ ಕೊಟ್ಟರೆಂದು ಪೊಲೀಸರಿಗೆ ದೂರು ಕೊಡಬಹುದು. ಡಾಕ್ಟರುಗಳ ಮಂಡಳಿಗೆ ಬರೆಯಬಹುದು, ತಪ್ಪು ಕಂಡರೆ ಅವರು ಎಚ್ಚರಿಕೆ ಕೊಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಇಲ್ಲವೇ ಅಲಕ್ಷ್ಯದಿಂದ ಆದ ಹಾನಿಗೆ ಪರಿಹಾರ ಕೇಳಿ ಸಿವಿಲ್ ದಾವೆ ಹಾಕಬಹುದು, ಅದೂ ಅವಧಿ ಮೀರುವ ಮೊದಲು. "ಯಾವುದರಲ್ಲೂ ಗೆಲುವು ಖಂಡಿತ ಅಂತ ಹೇಳಲಾರೆ. ದಾವೆ ಹಾಕಿದ್ರೆ ನೀವು ಕಟಕಟೆಯಲ್ಲಿ ನಿಂತು ಈ ಚಟದ ಕತೆಯನ್ನ ಊರೆದುರು ಹೇಳ್ಬೇಕಾಗ್ತದೆ. ನೀವು ಹೆಂಗಸು, ಒಂಟಿ, ಮೇಲಾಗಿ ಟೀಚರ್" ಎಂದರು.

"ನಂಗೆ ಗೊತ್ತುಟ್ಟು" ಎಂದು ಟೀಚರ್ ಅರೆಭಾಷೆಯಲ್ಲೇ ಅಂದರು. ಆಮೇಲೆ ಕನ್ನಡಕ್ಕೆ ತಿರುಗಿ, "ಮಂಡಳಿಗೂ ಬರೀರಿ, ದಾವೆಯನ್ನೂ ಹಾಕಿ. ನಾನು ಬಾಯಿ ಮುಚ್ಚಿದ್ರೆ ಆ ಡ್ರೈವರ್ ಇನ್ನೆಷ್ಟು ಮನೆಗೆ ಹೋಗ್ಬೇಕು?" ಎಂದರು.

ಊರು ಎರಡಾಯಿತು. ಅಪರಾತ್ರಿಯಲ್ಲೂ ಕಾಡುದಾರಿ ಹಿಡಿದು ಬಂದು ಜೀವ ಉಳಿಸಿದ ಡಾಕ್ಟರ ಮೇಲೆ ಕೇಸು ಹಾಕುವುದೇ ಎಂದು ಬಹಳ ಮಂದಿ ಮುಖ ತಿರುಗಿಸಿದರು. ಅವರು ಜೀವ ಉಳಿಸಿದ್ದೂ ಸುಳ್ಳಲ್ಲ. ಶಾಲೆಯ ಕಮಿಟಿಯವರು, ಇಂಥ ಚಟದವರನ್ನು ಹೆಣ್ಣುಮಕ್ಕಳ ನಡುವೆ ಇಟ್ಟುಕೊಳ್ಳುವುದು ಹೇಗೆ, ತಾವಾಗಿ ರಾಜೀನಾಮೆ ಕೊಡಲಿ ಎಂದರು. ಆ ಸಭೆಯ ದಿನ ಕಾಫಿ ಪಿಕಿಂಗ್ ಬಿಟ್ಟು ಲೈನಿನ ಹೆಂಗಸರು ಶಾಲೆಯ ಜಗಲಿಯಲ್ಲಿ ಬಂದು ಕೂತರು. ಕೈ ಎತ್ತಿ ಅತ್ತಿದ್ದ ಆ ಸಣ್ಣವಳ ತಾಯಿಯೇ ಮುಂದಿದ್ದಳು. ಮಲಯಾಳವೂ ಕನ್ನಡವೂ ಬೆರೆತ ಮಾತಿನಲ್ಲಿ, "ಟೀಚರ್ ಮನೆಗೆ ಬಂದು ನನ್ನ ಮಗಳ ಹತ್ರ ಮಾಪ್ಪು ಕೇಳಿದ್ದಾರೆ. ನಿಮ್ಮಲ್ಲಿ ಯಾರು ಕೇಳಿದ್ದೀರಿ ಇಷ್ಟು ದಿನ?" ಎಂದಳು. ಕಮಿಟಿಯವರು ರಾಜೀನಾಮೆಯ ಮಾತನ್ನು ಅಲ್ಲಿಗೇ ಬಿಟ್ಟರು.

ವಿಚಾರಣೆಯ ದಿನ ನನ್ನ ಸಾಕ್ಷಿ ಬೇಗ ಮುಗಿಯಿತು. ಡ್ರೈವರ್ ಬುಡ್ಡಿ ತಂದುಕೊಡುವುದನ್ನು ನೋಡಿದ್ದೆ, ಹೇಳಿದೆ. ಆಮೇಲೆ ಟೀಚರ್ ನಿಂತರು. ಡಾಕ್ಟರ ಪರ ವಕೀಲರು ಕೇಳಿದರು, "ಇಂಜೆಕ್ಷನ್ ಕೊಡಿ ಅಂತ ಡಾಕ್ಟರ ಬಾಗಿಲಿಗೆ ಹೋಗಿ ನೀವೇ ಅತ್ತದ್ದು ನಿಜವೋ ಸುಳ್ಳೋ?"

"ನಿಜ. ಬಹಳ ಸಲ ಅತ್ತಿದ್ದೇನೆ."

"ಅಂದ ಮೇಲೆ ತಪ್ಪು ಯಾರದ್ದು?"

ಟೀಚರ್ ಕಟಕಟೆಯ ಮರವನ್ನು ಹಿಡಿದುಕೊಂಡಿದ್ದರು. ಬೆನ್ನು ಮಾತ್ರ ನೆಟ್ಟಗಿತ್ತು. "ಅತ್ತವರಿಗೆಲ್ಲ ಕೊಡುದಾದ್ರೆ ಡಾಕ್ಟರು ಯಾಕೆ ಸ್ವಾಮಿ? ಅಂಗಡಿ ಸಾಕಲ್ಲ. ಮೊದಲ ದಿನ ಅವರು ಚುಚ್ಚಿದ್ದಕ್ಕೆ ನಾನು ಇವತ್ತೂ ಕೈ ಮುಗೀತೇನೆ. ಆಮೇಲೆ ಇವಳ ಬೆನ್ನು ಹೇಗುಂಟು, ವಾಸಿಯಾದವಳು ಯಾಕೆ ಅಳ್ತಾಳೆ ಅಂತ ಒಂದು ಸಲ ಬಂದು ನೋಡ್ಬೇಕಿತ್ತು" ಎಂದರು. ಹಿಂದಿನ ಬೆಂಚಿನಲ್ಲಿ ರೈಟರ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳೂ ಆಸ್ಪತ್ರೆಗೆ ಸೇರಿ ಗುಣವಾಗಿದ್ದಳು.

ತೀರ್ಪು ಬರುವಾಗ ಮುಂದಿನ ಮಳೆಗಾಲ ಬಂದಿತ್ತು. ಮೊದಲು ಇಂಜೆಕ್ಷನ್ ಕೊಟ್ಟದ್ದು ತಪ್ಪಲ್ಲ, ಪರೀಕ್ಷೆ ಮಾಡದೆ ಔಷಧಿ ಕಳಿಸುತ್ತ ಹೋದದ್ದು ಅಲಕ್ಷ್ಯ ಎಂದಾಯಿತು. ಪರಿಹಾರ, ಕೇಳಿದ್ದಕ್ಕಿಂತ ತೀರ ಕಡಿಮೆ. ಮಂಡಳಿಯವರು ಡಾಕ್ಟರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಹೆಸರು ತೆಗೆಯಲಿಲ್ಲ. ನನಗೆ ಸಿಟ್ಟು ಬಂತು. ಟೀಚರಿಗೆ ಬರಲಿಲ್ಲ. "ಬುಡ್ಡಿ ಕಳಿಸುದು ನಿಂತಿತಲ್ಲ" ಎಂದರು. ನಿಂತಿದ್ದು ಹೌದು. ಕೆಲವು ತಿಂಗಳ ಮೇಲೆ ಬಸ್ ಸ್ಟಾಂಡಿನಲ್ಲಿ ಆ ಡಾಕ್ಟರು ಕಾರು ನಿಲ್ಲಿಸಿ ಇಳಿದು, "ಬೆನ್ನು ಹೇಗಿದೆ?" ಎಂದು ಕೇಳಿದರು. ಟೀಚರ್ ನಿಂತು, ವಿವರವಾಗಿ ಉತ್ತರ ಹೇಳಿದರು.

ನಾನು ಮದುವೆಯಾಗಿ ಊರು ಬಿಟ್ಟೆ. ಅವರು ರಿಟೈರಾಗಿ ಕರಿಕೆಗೆ, ತಮ್ಮನ ಮನೆಗೆ ಹೋದರು. ಕೊನೆಯ ಸಲ ನಾನು ಅಲ್ಲಿಗೆ ಹೋದಾಗ ಹೊಟ್ಟೆಯೊಳಗಿನ ಗಡ್ಡೆ ಕೈಮೀರಿತ್ತು. ನೋವಿಗೆ ಹಲ್ಲು ಕಚ್ಚಿ ಮಲಗಿದ್ದರು. ನೋಡಲು ಬಂದಿದ್ದ ಎಳೆ ವಯಸ್ಸಿನ ಡಾಕ್ಟರು ಮಾರ್ಫಿನ್ ಎಂದು ಮೆಲ್ಲಗೆ ಹೇಳಿ, ಹಳೆಯ ಕತೆ ಗೊತ್ತಿದ್ದರಿಂದ ಅಳುಕಿ ನಿಂತರು.

"ಕೊಡಿ" ಎಂದರು ಟೀಚರ್. "ಆದ್ರೆ ನೀವೇ ಬಂದು ನೋಡಿ ಕೊಡ್ಬೇಕು. ಯಾರ ಕೈಲೂ ಕಳಿಸ್ಬಾರ್ದು."

ನೋವು ಇಳಿದ ಮೇಲೆ ನನ್ನ ಮುಖ ನೋಡಿ ನಕ್ಕರು. "ಏನು ಮೈಸೂರು, ಹೆದರಿದಿರಾ? ನನ್ನ ಜಗಳ ಔಷಧಿ ಮೇಲೆ ಅಲ್ಲ. ನೋಡದೆ ಕೊಡುದರ ಮೇಲೆ." ಆ ಸಂಜೆ ಎದ್ದು ಕೂತು ಗಂಜಿ ಕುಡಿದರು, ಬಹಳ ಹೊತ್ತು ಮಾತಾಡಿದರು... ಏನೇನು ಮಾತಾಡಿದೆವೋ, ಎಲ್ಲ ನೆನಪಿಲ್ಲ. ತಿಂಗಳು ತುಂಬುವ ಮೊದಲೇ ಅವರು ಹೋದ ಸುದ್ದಿ ಬಂತು.

ಹೋದ ವಾರ ಮೊಮ್ಮಗಳ ಕಾರಿನಲ್ಲಿ ಸೋಮವಾರಪೇಟೆಗೆ ಹೋಗುವಾಗ ಮಾದಾಪುರದಲ್ಲಿ ಇಳಿದೆ. ನಾವಿದ್ದ ಮನೆಯ ಜಾಗದಲ್ಲಿ ಪೈಪು, ಪೈಂಟು ಮಾರುವ ಅಂಗಡಿ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ನರೆತ ಕೂದಲಿನ ಹೆಂಗಸೊಬ್ಬಳು ನನ್ನನ್ನೇ ನೋಡುತ್ತ ಬಂದು, "ಡ್ರಿಲ್ ಟೀಚರ್ ಅಲ್ವಾ ನೀವು? ನಾನು ನಿಮ್ಮ ಶಾಲೆಯ ಹುಡುಗಿ" ಎಂದಳು.

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಅಷ್ಟು ಆಸೆಯಿಂದ ನೋಡುತ್ತಿದ್ದಳು.

"ನಾನು ಅವರ ಪಕ್ಕದ ಮನೆಯವಳು" ಎಂದೆ ಕೊನೆಗೆ. "ಅವರು ಹೋಗಿ ಬಹಳ ವರ್ಷ ಆಯ್ತಮ್ಮ."

ಅವಳು ತಲೆಯಾಡಿಸಿದಳು. ತನಗೂ ಒಂದು ಕಾಫಿ ಹೇಳಿ, ಕುರ್ಚಿ ಎಳೆದು ನನ್ನ ಪಕ್ಕ ಕೂತಳು. ಟೀಚರ ಮಾತಿನಲ್ಲಿ ನಮ್ಮಿಬ್ಬರ ಕಾಫಿಯೂ ಆರಿಹೋಯಿತು.