ಸುಣ್ಣ ಒರೆಸಿದ ಹೂವು

ಕಡಯಂಪಟ್ಟಿಯಲ್ಲಿ ನಾನು ನಡೆಸುವ ಸೀರೆ ಡಿಸೈನ್ ಕ್ಲಾಸಿಗೆ ಮೊನ್ನೆ ಒಬ್ಬ ಹುಡುಗಿಯ ತಾತ ಬಂದಿದ್ದರು. ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದು ಎಲೆಗೆ ಸುಣ್ಣ ಹಚ್ಚಿದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಹೊಗೆಸೊಪ್ಪು, ಸುಣ್ಣ ಬೆರೆತ ಆ ವಾಸನೆಗೆ ಮುಖ ತಿರುಗಿಸಿ ಕಿಟಕಿ ತೆರೆದೆ. ಚಿಕ್ಕಂದಿನಲ್ಲಿ ನಮಗೆ ಕಲಿಸಿದ, ಸದಾ ಎಲೆ ಜಗಿಯುತ್ತಿದ್ದ ಎಡಪ್ಪಾಡಿಯ ಮಾಸ್ಟರ್ ಎದುರಿಗೇ ಬಂದು ಕೂತ ಹಾಗಾಯಿತು...

ನಮ್ಮ ಮಗ್ಗದ ಬೀದಿಯಲ್ಲಿ ಸೀರೆಯ ಅಂಚಿನ ಚಿತ್ತಾರ ಬರೆಯುತ್ತಿದ್ದವರು ಅವರೊಬ್ಬರೇ. ಸಣ್ಣ ಚೌಕಗಳ ಕಾಗದ, ಒಂದು ಚೌಕಕ್ಕೆ ಒಂದು ಎಳೆ. ಶಾಲೆ ಬಿಟ್ಟ ಮೇಲೆ ನಾನೂ, ದೊಡ್ಡಪ್ಪನ ಮಗಳು ಅಕ್ಕನೂ ಕಲಿಯಲು ಅವರ ಜಗಲಿಗೆ ಓಡುತ್ತಿದ್ದೆವು. ಅವರು ಕಲಿಸಿದ್ದು ಒಂದೇ, ತಮ್ಮ ಮಾವಿನಕಾಯಿ. ವರ್ಷವೆಲ್ಲ ಅದೇ ಕೊಕ್ಕು ಬಾಗಿದ ಮಾವಿನಕಾಯಿ. ಚೌಕ ತಪ್ಪಿದರೆ ಬೆರಳ ಗೆಣ್ಣಿಗೆ ಅಡಿಕೋಲಿನ ಏಟು. ಇದಕ್ಕೆ ವಿದ್ಯೆ ಅಂತ ಹೆಸರು!

ಅಕ್ಕನ ಕೈಯೇ ಬೇರೆ. ನಲ್ಲಂಪಳ್ಳಿಯ ಅಜ್ಜಿಯ ಹೊಲದಲ್ಲಿ ಬದನೆ ಹೂವು ನೋಡಿ ಬಂದವಳು, ಅದನ್ನು ಹಾಗೇ ಚೌಕಕ್ಕೆ ಇಳಿಸಿದ್ದಳು. ತಲೆ ತಗ್ಗಿಸಿದ ಹೂವು, ಮುಳ್ಳಿನ ತೊಟ್ಟು. ಬದನೆ ಹೂವನ್ನು ಸೀರೆಗೆ ತರಬಹುದೆಂದು ನಮ್ಮ ಬೀದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಎದೆಗೆ ಒತ್ತಿಕೊಂಡು ಮಾಸ್ಟರಿಗೆ ತೋರಿಸಲು ಹೋದಳು.

ಬೀದಿಯಲ್ಲಿ ಹಾಸು ಎಳೆದು ನೂಲಿಗೆ ಗಂಜಿ ಹಚ್ಚುತ್ತಿದ್ದವರನ್ನೆಲ್ಲ ಮಾಸ್ಟರ್ ಕೂಗಿ ಕರೆದರು.

"ಏನೇ ಇದು? ಸೀರೆ ಮ್ಯಾಲೆ ಕತ್ರಿಕ್ಕಾ ಕೊಳಂಬು ಮಾಡ್ತೀಯಾ?" ಎಂದರು; ಅಂದರೆ ಬದನೆಕಾಯಿ ಹುಳಿ. ಆಮೇಲೆ, "ಪರ್ವಾಯಿಲ್ಲ, ಸುಣ್ಣ ಒರ್ಸಾಕ್ ಆಯ್ತೈತೆ" ಅನ್ನುತ್ತ ಬೆರಳಿನ ಸುಣ್ಣವನ್ನು ನಿಧಾನವಾಗಿ, ಒಂದೊಂದೇ ಬೆರಳು, ಆ ಹೂವಿಗೆ ಒರೆಸಿದರು.

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ನನಗೆ ಇವತ್ತಿಗೂ ಅಸಹ್ಯವಾಗುವುದು ಆ ನಗು. "ಮಾಸ್ಟರ್ ಬೈದ್ರೇನೆ ಬುದ್ದಿ ಬರಾದು" ಅಂತ ಅವರೇ ಸಮಾಧಾನ ಬೇರೆ ಹೇಳಿಕೊಂಡರು.

ಮಾರನೆಯ ದಿನ ಅಕ್ಕ ಬಂದು ಮತ್ತೆ ಮಾವಿನಕಾಯಿ ಬರೆದಳು. "ನೋಡು, ತಿದ್ಕಂಡ್ಲು" ಎಂದು ಮಾಸ್ಟರ್ ಬೀಗಿದರು. ಆಮೇಲೆ ಅವಳು ಬೇರೇನೂ ಬರೆದದ್ದನ್ನು ನಾನು ಕಾಣೆ...

ಮಾಸ್ಟರ್ ತೀರಿಕೊಂಡ ಮೇಲೆ ಅವರ ಫೋಟೋಗೆ ಹಾರ ಹಾಕಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಶಿಷ್ಯೆ ಅಂತ ನನ್ನನ್ನೂ ಮಾತಾಡಲು ಕರೆದರು. ನಾನು ಎದ್ದು ಬಂದೆ. ಮಕ್ಕಳ ಕೈ ಮುರಿಯುವುದನ್ನು ಶಿಸ್ತು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ತಾತನ ಸುಣ್ಣದ ಡಬ್ಬಿ ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ. ಎಡಪ್ಪಾಡಿಗೆ ಬಸ್ಸು ಹತ್ತಿದೆ. ಅಕ್ಕ ಜಗಲಿಯಲ್ಲಿ ನೂಲು ಸುತ್ತುತ್ತಿದ್ದಳು. ಅವಳ ಮುಂದೆ ಚೌಕದ ಕಾಗದ, ಪೆನ್ಸಿಲ್ ಇಟ್ಟೆ.

"ಅಕ್ಕಾ, ಆ ಬದ್ನೇ ಊವ ಇನ್ನೊಂದ್ಸಲ ಬರ್ದ್ಕೊಡು. ನಮ್ ಕ್ಲಾಸ್ ಪಿಳ್ಳೆಗಳ್ಗೆ ತೋರಿಸ್ತೀನಿ."

"ಅಯ್ಯೋ, ಅದೆಲ್ಲಿ ಗ್ಯಾಪ್ಕ ಐತೆ ಕಣೆ" ಎಂದು ನಕ್ಕಳು. ಆದರೂ ಪೆನ್ಸಿಲ್ ತೆಗೆದುಕೊಂಡಳು. ತೊಟ್ಟು ಬರೆದಳು. ಅಲ್ಲಿ ಸ್ವಲ್ಪ ತಡೆದಳು. ಆಮೇಲೆ ಕೈ ತಾನಾಗಿಯೇ ಓಡಿತು, ಬಳುಕಿತು, ಕೊನೆಗೆ ಕೊಕ್ಕು ಬಾಗಿಸಿತು. ಮಾವಿನಕಾಯಿ. ಒಂದು ಚೌಕವೂ ತಪ್ಪಿರಲಿಲ್ಲ.

"ಸರಿಯಾಗೈತೇನೇ?" ಎಂದು ಕೇಳಿದಳು, ಬೆರಳ ಗೆಣ್ಣುಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತ.