ಸೋತ ಮೇಲೆ ಮನೆ ಮನೆಗೆ ಹೋದದ್ದು

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾವು ಸೋತದ್ದು ಖಚಿತವಾಯಿತು. ಕೇಂದ್ರದ ಹೊರಗೆ ಹಾಕಿದ್ದ ಪೆಂಡಾಲಿನ ಕೆಳಗೆ ನಿಂತಿದ್ದೆ. ನಮ್ಮ ಏಜೆಂಟ್ ಹೊರಗೆ ಬಂದು, ಬೂತುವಾರು ಲೆಕ್ಕ ಬರೆದ ಹಾಳೆಯನ್ನು ನನ್ನ ಕೈಗಿಟ್ಟ. ಇಡೀ ವಾರ್ಡಿನಲ್ಲಿ ನಮ್ಮ ಪಕ್ಷಕ್ಕೆ ಎಲ್ಲಕ್ಕಿಂತ ಕಡಿಮೆ ಓಟು ಬಿದ್ದದ್ದು ನನ್ನ ಬೂತಿನಲ್ಲಿ. ಹನ್ನೆರಡು ವರ್ಷದಿಂದ ಆ ಬೂತನ್ನು ನೋಡಿಕೊಳ್ಳುತ್ತಿದ್ದವಳು ನಾನು. ಪ್ರತಿ ಚುನಾವಣೆಗೂ ಅಲ್ಲಿನ ಚಾಳುಗಳ, ಅಂದರೆ ಸಾಲುಮನೆಗಳ, ಬಾಗಿಲು ಬಾಗಿಲಿಗೆ ಹೋಗಿ ಮತದಾರರ ಚೀಟಿ ಹಂಚಿದವಳು. ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ರಿಕ್ಷಾ ಹಿಡಿದೆ.

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ನನ್ನ ಗಂಡ ಬಾಗಿಲು ತೆಗೆದರು.

"ಏನಾತು?"

"ಸೋತ್ವಿರಿ."

"ಹಂಗಾರ ಮೊದ್ಲ ಊಟಾ ಮಾಡು. ಗೆದ್ದಿದ್ರೂ ಊಟಾ ಮಾಡೂದs ಇತ್ತಲ್ಲ."

ಅನ್ನ, ಸಾರು ಅವರೇ ಮಾಡಿಟ್ಟಿದ್ದರು. ಉಂಡೆ. ಉಣ್ಣುವಾಗ ಅಳು ಬಂತು. ಅವರು ನೋಡಿಯೂ ನೋಡದವರಂತೆ ಮಜ್ಜಿಗೆಯ ಪಾತ್ರೆಯನ್ನು ಹತ್ತಿರ ಸರಿಸಿದರು.

ನಾನು ರಾಜಕೀಯಕ್ಕೆಂದು ಈ ಊರಿಗೆ ಬಂದವಳಲ್ಲ. ಮದುವೆಯಾಗಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಇಲ್ಲಿಗೆ ಬಂದಾಗ ನನಗೆ ಮರಾಠಿಯ ಒಂದು ಶಬ್ದ ಬರುತ್ತಿರಲಿಲ್ಲ. ನಳದ ಸಾಲಿನಲ್ಲಿ ನಿಂತು ಕಲಿತೆ. ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದೆ. ಪಕ್ಕದ ಬೀದಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಒಬ್ಬ ಮರಾಠಿ ಹೆಂಗಸು ಬ್ಲೌಸು ಹೊಲಿಸಲು ಬಂದವರು ನನ್ನನ್ನು ಪಕ್ಷದ ಮಹಿಳಾ ಸಭೆಗೆ ಕರೆದುಕೊಂಡು ಹೋದರು. ಮುಂದೆ ಅವರೇ ನಗರಸೇವಕಿ, ಅಂದರೆ ಪಾಲಿಕೆಯ ಸದಸ್ಯೆ, ಆದರು. ನಾನು ಅವರನ್ನು ತಾಯಿ ಎನ್ನುತ್ತೇನೆ. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಊರಿನಿಂದ ಬಂದಿದ್ದ ನನ್ನ ತಂಗಿ ಇದನ್ನು ಕೇಳಿ, "ನಿನಗಿಂತ ಸಣ್ಣಾಕಿಗೆ ತಾಯಿ ಅಂತೀಯಲ್ಲ" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಅವರು ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. ಪಾಲಿಕೆಯ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಕೊನೆಗೂ ನಡೆದಾಗ ತಾಯಿ ಮತ್ತೆ ನಿಂತರು, ಈ ಸಲ ಸೋತರು.

ಹತ್ತು ದಿನದ ನಂತರ ಠಾಣೆ ನಗರದ ನೌಪಾಡಾದಲ್ಲಿ ಪರಾಮರ್ಶೆಯ ಸಭೆ ಕರೆದರು. ಮಿಠಾಯಿ ಅಂಗಡಿಯ ಮೇಲಿನ ಸಭಾಂಗಣ. ಪಕ್ಷದ ಮೇಲಿನವರು ಕಳಿಸಿದ ಒಬ್ಬ ವೀಕ್ಷಕರು ಬಂದಿದ್ದರು. ಸೋತ ಕಾರಣ ಒಬ್ಬೊಬ್ಬರೇ ಹೇಳಬೇಕಿತ್ತು. ಒಬ್ಬರು ಮತಯಂತ್ರದ ಮೇಲೆ ಹಾಕಿದರು. ಇನ್ನೊಬ್ಬರು, ನಮ್ಮವರೇ ಒಳಗಿಂದೊಳಗೆ ಕೆಲಸ ಕೆಡಿಸಿದರು ಎಂದರು. ನಮ್ಮ ಶಾಖೆ ಶುರುವಾದ ದಿನದಿಂದಲೂ ಅದರಲ್ಲಿರುವ ಹಿರಿಯರು, ಎಲ್ಲರೂ ಕಾಕಾ ಎನ್ನುವವರು, ಎದ್ದು ನಿಂತು, "ಜನಕ್ಕೆ ಮಾಡಿದ ಉಪಕಾರದ ನೆನಪಿಲ್ಲ" ಎಂದರು. ಅದಕ್ಕೆ ಚಪ್ಪಾಳೆ ಬಿತ್ತು. ವೀಕ್ಷಕರು ಎಲ್ಲವನ್ನೂ ಬರೆದುಕೊಂಡರು.

ಕೊನೆಗೆ ತಾಯಿ ಎದ್ದರು. "ನನ್ನದೊಂದು ಪ್ರಶ್ನೆ. ಇಲ್ಲಿ ಇಷ್ಟು ಜನ ಇದ್ದೇವೆ. ಫಲಿತಾಂಶ ಬಂದ ಮೇಲೆ, ನಮಗೆ ಓಟು ಹಾಕದವರ ಮನೆಗೆ ಹೋಗಿ ಯಾಕೆ ಹಾಕಲಿಲ್ಲ ಎಂದು ಯಾರಾದರೂ ಕೇಳಿದ್ದೀರಾ?"

ವೀಕ್ಷಕರು ಪೆನ್ನಿನ ಟೋಪಿ ಹಾಕಿದರು. "ಸೋತವರು ಹಾಗೆ ಮನೆ ಮನೆ ತಿರುಗಿದರೆ ಕಾರ್ಯಕರ್ತರ ಧೈರ್ಯ ಕುಗ್ಗುತ್ತದೆ, ತಾಯಿ. ಆರು ತಿಂಗಳು ಹೋಗಲಿ" ಎಂದರು. ಅಷ್ಟರಲ್ಲಿ ಬಟಾಟೆ ವಡೆ ಬಂತು, ಸಭೆ ಮುಗಿಯಿತು.

ವಾಪಸು ಬರುವ ಲೋಕಲ್‌ನಲ್ಲಿ ನಮಗೆ ಕೂರಲು ಜಾಗ ಸಿಗಲಿಲ್ಲ. ಹೆಂಗಸರ ಡಬ್ಬಿಯ ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದೆವು. ಮುಂಬ್ರಾ ದಾಟುವಾಗ ತಾಯಿ ನನ್ನ ಕಿವಿಯ ಹತ್ತಿರ ಬಾಗಿ, "ನಾಳೆ ಸಂಜೆ ಬಿಡುವಿದೆಯಾ ವಹಿನಿ?" ಎಂದರು. ನಾನು ಹೂಂ ಎಂದೆ. "ಓಟು ಹಾಕದವರ ಮನೆಗೆ ಹೋಗೋಣ. ಅವರು ಏನೇ ಹೇಳಲಿ, ನಾವು ತಿರುಗಿ ಉತ್ತರ ಕೊಡಕೂಡದು. ಬರೆದುಕೊಂಡು ಬರಬೇಕು, ಅಷ್ಟೇ. ನಿಮ್ಮಿಂದ ಆಗುತ್ತದೆ. ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ."

ಮಾರನೆಯ ದಿನ ನೂರು ಪುಟದ ಒಂದು ನೋಟ್‌ಬುಕ್ ಹಿಡಿದು ಹೊರಟೆವು. ಎಲ್ಲಿ ಹೋದರೂ ಮೊದಲ ಮಾತು ಒಂದೇ: "ಮತ್ತೆ ಯಾವ ಚುನಾವಣೆ ಬಂತು?" ಯಾವುದೂ ಬಂದಿಲ್ಲ, ಕೇಳಲು ಬಂದಿದ್ದೇವೆ ಎಂದರೆ ನಂಬುತ್ತಿರಲಿಲ್ಲ. ಹಳೆಯ ಸೊಸೈಟಿಯೊಂದರ ಮೊದಲ ಮಹಡಿಯಲ್ಲಿ ಒಬ್ಬ ನಿವೃತ್ತ ಅಜ್ಜ ನಮಗೆ ನೀರು ಕೊಟ್ಟು, ಎದುರು ಕುಳಿತು ಹೇಳಿದರು: "ನಿಮ್ಮ ಹುಟ್ಟುಹಬ್ಬದ ಬ್ಯಾನರ್ ನನ್ನ ಬಾಲ್ಕನಿಗೆ ಅಡ್ಡವಾಗಿ ಒಂದು ತಿಂಗಳು ಇತ್ತು, ತಾಯಿ. ಬೆಳಗ್ಗೆ ಎದ್ದರೆ ನಿಮ್ಮ ಮುಖದ ಹಿಂಭಾಗ ಕಾಣುತ್ತಿತ್ತು. ಆಫೀಸಿಗೆ ಬಂದು ಹೇಳಿದೆ. ಅಡ್ಜಸ್ಟ್ ಮಾಡಿಕೊಳ್ಳಿ ಅಂದರು. ಮಾಡಿಕೊಂಡೆ. ಆಮೇಲೆ ಓಟಿನಲ್ಲೂ ಅಡ್ಜಸ್ಟ್ ಮಾಡಿದೆ."

ತಾಯಿ ಬಾಯಿ ತೆರೆದರು. ಆ ಬ್ಯಾನರ್ ಹಾಕಿದ್ದು ಪಕ್ಷದ ಹುಡುಗರು, ಅವರಿಗೆ ಗೊತ್ತೂ ಇರಲಿಲ್ಲ. ಆದರೆ ಬಾಯಿ ಮುಚ್ಚಿದರು, ಬರೆದುಕೊಂಡರು. ಕೆಳಗೆ ಇಳಿದ ಮೇಲೆ ಮೆಟ್ಟಿಲಿಗೆ ಒರಗಿ ಇಬ್ಬರೂ ನಕ್ಕೆವು. ಸೋತ ಮೇಲೆ ಅವರು ನಕ್ಕದ್ದು ಅವತ್ತೇ ಮೊದಲು.

ನನ್ನ ಬೂತಿನ ಚಾಳಿಗೆ ಹೋಗುವುದನ್ನು ನಾನೇ ಮುಂದೂಡುತ್ತಿದ್ದೆ. ಅಲ್ಲಿರುವವರು ಹೆಚ್ಚಾಗಿ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ಬೆಳಗಾಗುವ ಮೊದಲೇ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ, ನಿಂತು ಟೆಂಪೋ ಹತ್ತಿ ಘೋಡಬಂದರ್ ರಸ್ತೆಯ ಕಟ್ಟಡಗಳಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಒಂದು ಸಂಜೆ ಏಳೂವರೆಗೆ ಹೋದೆವು. ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಲ್ಲಿ ಕುಳಿತು ಮೆಂತ್ಯೆ ಸೋಸುತ್ತಿದ್ದಳು. ತಾಯಿ ಮರಾಠಿಯಲ್ಲಿ ಕೇಳಿದರು. ಅವಳು ತಲೆ ಎತ್ತದೆ ಹಿಂದಿಯಲ್ಲಿ, "ಸಬ್ ಠೀಕ್ ಹೈ, ಮ್ಯಾಡಂ" ಎಂದಳು.

ಒಳಗಿನಿಂದ ಅವಳ ಅತ್ತೆಯ ದನಿ ಬಂತು. "ಯಾರ ಬಂದಾರವಾ?"

"ಓಟಿನವ್ರು, ಅತ್ತಿ. ಚೀಟಿ ಹಂಚೂ ಆ ಮರಾಠಿ ಬಾಯಿ ಬಂದಾಳ."

ಹನ್ನೆರಡು ವರ್ಷ ನಾನು ಆ ಬಾಗಿಲಿಗೆ ಬಂದಿದ್ದೆ. ಆ ಮನೆಯಲ್ಲಿ ಕನ್ನಡ ಮಾತಾಡುತ್ತಾರೆಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಆದರೂ ಚೀಟಿ ಕೊಡುವಾಗ ಮರಾಠಿಯಲ್ಲೇ ಮಾತಾಡಿ ಮುಂದೆ ಹೋಗುತ್ತಿದ್ದೆ. ಶುರುವಿನಲ್ಲಿ ಒಂದು ಸಭೆಯಲ್ಲಿ ಯಾರೋ ನನ್ನ ಮರಾಠಿ ಕೇಳಿ "ಕಾನಡಿ ವಾಸನೆ ಬರುತ್ತದೆ" ಎಂದು ತಮಾಷೆ ಮಾಡಿದ್ದರು. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಅವತ್ತಿನಿಂದ ಪಕ್ಷದ ಕೆಲಸಕ್ಕೆ ಹೊರಟಾಗ ಕನ್ನಡವನ್ನು ಮನೆಯಲ್ಲೇ ಬಿಟ್ಟು ಹೋಗುವುದು ರೂಢಿಯಾಗಿತ್ತು.

"ನಾ ಮರಾಠಿ ಬಾಯಿ ಅಲ್ಲವಾ," ಎಂದೆ. "ಇಂಡಿ ಕಡಿಯಾಕಿ."

ಅವಳ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇಷ್ಟ ವರ್ಸಾ ಆತು, ಒಂದ ದಿನಾನರ ಬಾಯಿ ಬಿಟ್ಟೀರೇನ್ರಿ ಅಕ್ಕಾರ?"

"ಇಲ್ಲ. ತಪ್ಪಾತು."

"ಕುಂದರ್ರಿ ಮತ್ತ. ನಿಂತ ಮಾತಾಡೂದಲ್ಲ ಅದು."

ಒಂದು ತಾಸು ಕುಳಿತೆವು. ಚಾ ಬಂತು. ಆಧಾರ್‌ ಕಾರ್ಡಿನಲ್ಲಿ ಅವಳ ಹೆಸರು ತಪ್ಪಾಗಿತ್ತಂತೆ. ಅದನ್ನು ಸರಿಮಾಡಿಸಲು ಕೆಲಸ ಬಿಟ್ಟು ಮೂರು ಸಲ ನಮ್ಮ ಆಫೀಸಿಗೆ ಬಂದಿದ್ದಳು. "ನಿಮ್ದು ಹನ್ನೊಂದಕ್ಕ ತೆಗಿತಾರ, ಒಂದಕ್ಕ ಮುಚ್ತಾರ. ಅಷ್ಟ ಹೊತ್ತಿಗೆ ನಾವು ಇಟ್ಟಂಗಿ ಹೊರಲಿಕತ್ತಿರ್ತೀವಿ. ರಜಾ ಹಾಕಿ ಬಂದ್ರ, ಮರಾಠ್ಯಾಗ ಬರಕೊಂಡ ಬಾ ಅಂತಾರ. ನನಗ ಕನ್ನಡಾನs ಬರಿಯಾಕ ಬರಂಗಿಲ್ಲ. ಆ ಇನ್ನೊಂದ ಪಾರ್ಟಿಯಾಂವ ಮುಂಜಾನಿ ಆರಕ್ಕ ನಾಕಾದಾಗ ಖುರ್ಚಿ ಹಾಕ್ಕೊಂಡ ಕುಂತ. ನಿಂತ ನಿಂತಲ್ಲೇ ಬರಕೊಟ್ಟ. ಅಂವಗ ಹಾಕಿದ್ವಿರಿ. ಮುಚ್ಚಿಡೂದೇನೈತಿ."

ಅವಳು ಹೇಳಿದ್ದನ್ನು ನಾನು ತಾಯಿಗೆ ಮರಾಠಿಯಲ್ಲಿ ಹೇಳುತ್ತಾ ಹೋದೆ. ಅವರು ಬರೆದುಕೊಳ್ಳುತ್ತಾ ಹೋದರು. ಹಿಂದಿರುಗುವಾಗ ದಾರಿಯಲ್ಲಿ, ಆ ಬೂತು ಸೋತದ್ದು ನನ್ನಿಂದಲೇ ಎಂದು ಹೇಳಿದೆ. ತಾಯಿ ಚೀಲದಿಂದ ನೋಟ್‌ಬುಕ್ ಮತ್ತೆ ತೆಗೆದರು. "ನಿಮಗೆ ಕನ್ನಡ ಬರುತ್ತದೆಂದು ನನಗೂ ಗೊತ್ತಿತ್ತಲ್ಲ ವಹಿನಿ. ಅವರ ಹತ್ತಿರ ಅದರಲ್ಲೇ ಮಾತಾಡಿ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಇದನ್ನೂ ಬರೆಯೋಣ" ಎಂದರು. ರಸ್ತೆಯ ದೀಪದ ಕೆಳಗೆ ನಿಂತು ಬರೆದರು ಕೂಡ.

ನೋಟ್‌ಬುಕ್ ತುಂಬಲು ಐದು ವಾರ ಹಿಡಿಯಿತು. ಒಂದು ಭಾನುವಾರ ಅದನ್ನು ಶಾಖೆಯ ಸಭೆಯಲ್ಲಿ ತಾಯಿ ಮೊದಲಿನಿಂದ ಕೊನೆಯವರೆಗೆ ಓದಿದರು. ಯಂತ್ರದ ವಿಷಯ ಅದರಲ್ಲಿ ಒಂದು ಕಡೆಯೂ ಇರಲಿಲ್ಲ. ನಮ್ಮ ತತ್ವ, ನಮ್ಮ ಘೋಷಣೆಗಳ ವಿಷಯವೂ ಹೆಚ್ಚು ಇರಲಿಲ್ಲ. ಇದ್ದದ್ದೆಲ್ಲ ನಮ್ಮ ಆಫೀಸಿನ ಹೊತ್ತು, ನಮ್ಮವರ ಮಾತಿನ ಧಾಟಿ, ಕೆಲಸ ಮಾಡಿಕೊಟ್ಟ ಮೇಲೆ ಅದನ್ನು ಹತ್ತು ಜನರ ಎದುರು ಎತ್ತಿ ಆಡಿದ್ದು. ಕಾಕಾಗೆ ಸಿಟ್ಟು ಬಂತು.

"ಇದು ಪಕ್ಷದ ಆಫೀಸೋ, ತಪ್ಪೊಪ್ಪಿಗೆ ಬರೆಯುವ ಜಾಗವೋ?"

"ಇದರಲ್ಲಿ ಸುಳ್ಳು ಯಾವುದು, ಕಾಕಾ? ಅದನ್ನು ಹೊಡೆದು ಹಾಕೋಣ" ಎಂದರು ತಾಯಿ.

ಕಾಕಾ ನೋಟ್‌ಬುಕ್ ಇಸಿದುಕೊಂಡು ಬಹಳ ಹೊತ್ತು ಪುಟ ತಿರುಗಿಸಿದರು. ಏನನ್ನೂ ಹೊಡೆದು ಹಾಕಲಿಲ್ಲ. ಆದರೆ ಎದ್ದು ಹೋದರು. ತಾಯಿಯ ಹುಟ್ಟುಹಬ್ಬಕ್ಕೆ ಇನ್ನು ಬ್ಯಾನರ್ ಬೇಡ, ಆಫೀಸಿನ ನಡುವೆ ಇದ್ದ ದೊಡ್ಡ ಮೇಜನ್ನು ಗೋಡೆಗೆ ಸರಿಸಿ ಬೆಂಚು ಹಾಕಬೇಕು, ಬೆಳಗ್ಗೆ ಆರರಿಂದ ಎಂಟರವರೆಗೆ ಮತ್ತು ಸಂಜೆ ಏಳರ ಮೇಲೆ ಬಾಗಿಲು ತೆರೆದಿರಬೇಕು ಎಂದು ಉಳಿದವರು ಒಪ್ಪಿದೆವು. ಆರು ಗಂಟೆಗೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಫ್ಯಾನ್ ನೋಡಿದರು. ನಾನು ಬರುತ್ತೇನೆ ಎಂದೆ.

ಹೊತ್ತನ್ನು ಹೊರಗಿನ ಹಲಗೆಯ ಮೇಲೆ ಮರಾಠಿಯಲ್ಲಿ ಬರೆದಿದ್ದರು. ಅದರ ಕೆಳಗೆ ಕನ್ನಡದಲ್ಲಿ ನಾನೇ ಬರೆದೆ. ಎಷ್ಟೋ ವರ್ಷದ ಮೇಲೆ ಕನ್ನಡ ಬರೆದದ್ದು. 'ಮುಂಜಾನೆ' ಎಂಬುದಕ್ಕೆ ಒತ್ತಕ್ಷರ ಹಾಕಿಬಿಟ್ಟಿದ್ದೆ. ಗಂಡ ಹಲಗೆಯ ಮುಂದೆ ಕನ್ನಡಕ ಏರಿಸಿ ನಿಂತು, "ಎರಡನೇ ಇಯತ್ತಾ ಫೇಲ್" ಎಂದು ಶಾಲೆಯ ಮಾಸ್ತರರಂತೆ ಹೇಳಿ, ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದರು.

ಮೊದಲ ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೆಯ ದಿನ ಮೆಂತ್ಯೆ ಸೋಸುತ್ತಿದ್ದ ಆ ಹೆಂಗಸು ಇನ್ನೂ ನಾಲ್ವರನ್ನು ಕರೆದುಕೊಂಡು ಬಂದಳು. ಬುತ್ತಿಯ ಚೀಲ ಬೆಂಚಿನ ಮೇಲಿಟ್ಟು, "ಮೊದ್ಲs ಹೇಳಿಬಿಡ್ತೀನ್ರಿ ಅಕ್ಕಾರ. ಓಟಿನ ಮಾತು ನಾ ಈಗ ಕೊಡಂಗಿಲ್ಲ" ಎಂದಳು.

"ನಾ ಕೇಳೀನೇನು?"

"ಇಲ್ಲ. ಕೇಳಿದ್ರ ಕಷ್ಟ ಆಗ್ತದಂತ ಹೇಳಿದೆ."

ಅವರ ಅರ್ಜಿಗಳನ್ನು ಬರೆದುಕೊಟ್ಟೆ. ಟೆಂಪೋ ಹಾರ್ನ್ ಹೊಡೆಯಿತು, ಓಡಿದರು.

ಮಳೆಗಾಲಕ್ಕೆ ಮೊದಲು ಇನ್ನೊಂದು ಪರೀಕ್ಷೆ ಬಂತು. ನಮ್ಮನ್ನು ಸೋಲಿಸಿ ಗೆದ್ದ ನಗರಸೇವಕರು ಚಾಳಿನ ಗಟಾರದ ಮೇಲೆ ಚಪ್ಪಡಿ ಹಾಕಿಸಲು ಶುರುಮಾಡಿದರು. ಅದು ನಾವು ಎಷ್ಟೋ ವರ್ಷದಿಂದ ಆಗಬೇಕು ಎನ್ನುತ್ತಿದ್ದ ಕೆಲಸ. ರಸ್ತೆ ಅಗೆದು ಜನಕ್ಕೆ ತೊಂದರೆ ಮಾಡಿದ್ದಾರೆಂದು ಮೋರ್ಚಾ ತೆಗೆಯಿರಿ ಎಂದು ನಮ್ಮ ಮೇಲಿನವರಿಂದ ಫೋನು ಬಂತು. ತಾಯಿ ಮೋರ್ಚಾ ತೆಗೆಯಲಿಲ್ಲ. ಒಂದು ಬೆಳಗ್ಗೆ ಕೆಲಸದ ಜಾಗಕ್ಕೆ ಹೋಗಿ, ಆ ನಗರಸೇವಕರಿಗೇ ನಮಸ್ಕಾರ ಹೇಳಿ, ಚಾಳಿನ ಕೊನೆಯ ನಾಲ್ಕು ಮನೆಗಳ ಮುಂದೆ ಇಳಿಜಾರು ಉಲ್ಟಾ ಇದೆ, ಅಲ್ಲಿ ನೀರು ನಿಲ್ಲುತ್ತದೆ ಎಂದು ತೋರಿಸಿದರು. ಅವರು ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಮಿಸ್ತ್ರಿಯನ್ನು ಕರೆದರು. ಮಳೆ ಬಂದಾಗ ಆ ನಾಲ್ಕು ಮನೆಗಳಿಗೆ ನೀರು ನುಗ್ಗಲಿಲ್ಲ. ಆ ಕೆಲಸದ ಹೆಸರು ನಮಗೆ ಬರಲಿಲ್ಲ, ಆದರೆ ಅವತ್ತು ನನ್ನ ಮನಸ್ಸು ಹಿಂದೆ ಗೆದ್ದ ದಿನಕ್ಕಿಂತ ಹಗುರವಾಗಿತ್ತು.

ಮಳೆಗಾಲದ ನಡುವೆ ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ. ಆಫೀಸು ಮುಚ್ಚಿದ್ದೇ ಇರಬೇಕೆಂದು ಚಡಪಡಿಸುತ್ತಾ ಮೂರನೆಯ ದಿನ ಹೋದರೆ ಬಾಗಿಲು ತೆರೆದಿತ್ತು. ಒಳಗೆ ಕಾಕಾ ಕುಳಿತಿದ್ದರು. ಸಭೆಯಿಂದ ಎದ್ದು ಹೋದವರು ಅಲ್ಲಿಯವರೆಗೆ ಶಾಖೆಯ ಕಡೆ ತಲೆ ಹಾಕಿರಲಿಲ್ಲ. ತಾಯಿಯ ಮನೆಗೆ ಹೋಗಿ ತಾವೇ ಕೀಲಿ ಇಸಿದುಕೊಂಡು ಬಂದಿದ್ದರಂತೆ.

"ನನಗೆ ಹೇಗೂ ನಾಲ್ಕಕ್ಕೇ ಎಚ್ಚರವಾಗುತ್ತದೆ," ಎಂದರು, ನಾನು ಕೇಳದಿದ್ದರೂ. ಎರಡು ದಿನ ಬಂದವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಅರ್ಥವಾಗದ ಕನ್ನಡವನ್ನು ಕಿವಿಗೆ ಬಿದ್ದಂತೆ ಮರಾಠಿ ಅಕ್ಷರದಲ್ಲಿ ಇಳಿಸಿದ್ದರು. ಒಂದು ಸಾಲನ್ನು ನಾನು ಗಟ್ಟಿಯಾಗಿ ಓದಿದೆ: "ಅಜ್ಜಾಗ ಏನೂ ತಿಳಿಯಂಗಿಲ್ಲ, ಅಕ್ಕಾ ಬಂದ ಮ್ಯಾಲ ಬರೂಣು ನಡೀರಿ."

"ಏನದು? ಯಾವ ಇಲಾಖೆಯ ಕೆಲಸ?" ಎಂದು ಕಾಕಾ ಗಂಭೀರವಾಗಿ ಕೇಳಿದರು. ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಮುಖ ಬಿಗಿದುಕೊಂಡಿದ್ದು, ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. ಈಗ ವಾರದಲ್ಲಿ ಎರಡು ದಿನ ಅವರೇ ಕೂರುತ್ತಾರೆ. 'ಕುಂದರ್ರಿ', 'ಏನ್ ಬೇಕ್ರಿ' ಎಂಬಷ್ಟು ಕಲಿತಿದ್ದಾರೆ.

ಮುಂದಿನ ಚುನಾವಣೆ ದೂರವಿದೆ. ನಾವು ಗೆಲ್ಲುತ್ತೇವೆಯೋ ಇಲ್ಲವೋ ನನಗೆ ತಿಳಿಯದು. ಮೇಲಿನವರಿಗೆ ನಮ್ಮ ಶಾಖೆಯ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಹೋದ ತಿಂಗಳ ಸಭೆಯಲ್ಲಿ ಇಷ್ಟು ತಿಂಗಳಲ್ಲಿ ಎಷ್ಟು ಆಂದೋಲನ ಮಾಡಿದಿರಿ ಎಂದು ಕೇಳಿದರು. ತಾಯಿ, ಒಂದೂ ಇಲ್ಲ ಎಂದರು. ಈ ಭಾನುವಾರ ಕಟ್ಟಡದ ಕೆಲಸಕ್ಕೆ ರಜೆಯಿತ್ತು. ಚಾಳಿನ ಏಳೆಂಟು ಹೆಂಗಸರು ಯಾವ ಅರ್ಜಿಯೂ ಇಲ್ಲದೆ ಆಫೀಸಿಗೆ ಬಂದು ಬೆಂಚಿನ ಮೇಲೆ, ನೆಲದ ಮೇಲೆ ಕುಳಿತರು. ಒಬ್ಬಳು ಮಗಳ ಮದುವೆಗೆ ಊರಿಗೆ ಹೋಗಲು ಕಲ್ಯಾಣ ಸ್ಟೇಷನ್ನಿನಿಂದ ಯಾವ ಗಾಡಿ ಹಿಡಿಯಬೇಕೆಂದು ಕೇಳಿದಳು. ಇನ್ನೊಬ್ಬಳು ಸೇಂಗಾ ಹುರಿದು ತಂದಿದ್ದಳು. ತಾಯಿ ಅವರ ನಡುವೆ ಚಕ್ಕಳ ಮಕ್ಕಳ ಹಾಕಿ ಕುಳಿತು, ಅರ್ಧ ಅರ್ಥವಾದ ಮಾತಿಗೆ ತಲೆದೂಗುತ್ತಾ, ಸಿಪ್ಪೆ ಸುಲಿಯುತ್ತಿದ್ದರು. ನಾನು ಸ್ಟೋವ್ ಹಚ್ಚಿ ಎಲ್ಲರಿಗೂ ಸಾಲುವಷ್ಟು ಚಾಕ್ಕೆ ನೀರಿಟ್ಟೆ.