ದೋಣಿ ಮುಟ್ಟದ ಮಾಷ್ಟ್ರು

ಮೊನ್ನೆ ಮೊಮ್ಮಗುವಿಗೆ ಶೀತವೆಂದು ಸೊಸೆ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದಳು. ಆ ವಾಸನೆ ಜಗಲಿಗೆ ಬಂದದ್ದೇ ತಡ, ಕೈಯಲ್ಲಿದ್ದ ಚಾ ಕುಡಿಯುವುದೇ ಮರೆತುಹೋಯಿತು. ಡ್ರಿಲ್ ಮಾಷ್ಟ್ರು ನೀರಿಗಿಳಿಯುವ ಮೊದಲು ಮೈಗೆಲ್ಲ ಹಚ್ಚುತ್ತಿದ್ದದ್ದು ಅದೇ ಎಣ್ಣೆ...

ಅರುವತ್ತನೇ ಇಸವಿಯ ಆಚೀಚೆ ಇರಬೇಕು. ಕಡಬದ ಹತ್ತಿರ ಕುಮಾರಧಾರೆಯಲ್ಲಿ ಜನರನ್ನು ದಾಟಿಸುವ ದೋಣಿ ನನ್ನದು. ಮಾಷ್ಟ್ರು ಹೊಳೆಯಾಚೆಯ ಶಾಲೆಗೆ ಬಂದವರು, ನನ್ನದೇ ಪ್ರಾಯ. ಹಿಂದಿನ ವರ್ಷ ಮಂಗಳೂರಿನ ಕಡಲಲ್ಲಿ ಐದು ಮೈಲಿನ ಈಜಿನ ಪಂದ್ಯಕ್ಕೆ ಹೋಗಿದ್ದರು. ದಡ ಕಾಣುವಾಗ ಕಾಲು ಸೆಟೆದು, ಜೊತೆಗೆ ಬರುತ್ತಿದ್ದ ದೋಣಿಗೆ ಕೈ ಹಾಕಿದರಂತೆ. ದೋಣಿ ಮುಟ್ಟಿದವ ಪಂದ್ಯದಿಂದ ಹೊರಗೆ. ಅಂದಿನಿಂದ ಊರಿಗೆ ಊರೇ ಅವರನ್ನು ‘ದೋಣಿ ಮಾಷ್ಟ್ರು’ ಎಂದಿತು. ನಾನೂ ಎಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಈ ಸಲ ದೋಣಿ ಮುಟ್ಟದೆ ಪಂದ್ಯ ಮುಗಿಸಿ ಆ ಹೆಸರು ತೊಳೆದೇ ಸಿದ್ಧ ಎಂದು ಅವರಿಗೆ ಹಠ. ಮಾರ್ನೆಮಿಯ ದಸರಾ ರಜೆ ಕಳೆದ ಮೇಲೆ, ಶಾಲೆ ಬಿಟ್ಟದ್ದೇ ದಿನಾ ಹೊಳೆಗೆ. ಅವರು ಮೈಲುಗಟ್ಟಲೆ ಈಜುದು, ನಾನು ಪಕ್ಕದಲ್ಲಿ ದೋಣಿ ನಡೆಸುದು. ಒಂದು ಸಂಜೆ ನಡುಹೊಳೆಯಲ್ಲಿ “ಕೈ ಕೊಡಿ, ಆಗುದಿಲ್ಲ” ಎಂದರು. ಗಾಬರಿಯಾಗಿ ಬಾಗಿ ಎಳೆದುಕೊಂಡೆ. ದೋಣಿಯಲ್ಲಿ ಕೂತದ್ದೇ ನನ್ನ ಮೇಲೆ ರೇಗಿದರು.

“ಎಂತ ಮಾರಾಯ್ರೆ ನೀವು! ನಾನು ಪರೀಕ್ಷೆ ಮಾಡಿದ್ದು. ಇನ್ನು ನಾನು ಅತ್ತರೂ ಕೈ ಕೊಡುದಿಲ್ಲ ಅಂತ ಹೇಳಿ.”

“ಆಯ್ತು, ಕೊಡುದಿಲ್ಲ” ಎಂದೆ. ನನಗೂ ಸಿಟ್ಟು ನೆತ್ತಿಗೇರಿತ್ತು. ಎತ್ತಿದವನಿಗೇ ಬೈಗುಳ!

ಆಮೇಲೆ ಎರಡು ಮೂರು ಸಲ ಹಾಗೆಯೇ ಕೈ ಕೇಳಿದರು. ನಾನು ಕೊಡಲಿಲ್ಲ. ಪ್ರತಿ ಸಲ ನಗುತ್ತಾ ಈಜಿ ದಡ ಸೇರಿದರು.

ಆ ದಿನ ಮಧ್ಯಾಹ್ನದಿಂದಲೇ ಘಟ್ಟದ ಮೇಲೆ ಗುಡುಗು. ನಮ್ಮಲ್ಲಿ ಒಂದು ಹನಿ ಇಲ್ಲ. ಆದರೆ ನೀರು ಕೆಂಪಾಗಿತ್ತು, ನೊರೆಯೊಟ್ಟಿಗೆ ತರಗೆಲೆ ಬರುತ್ತಿತ್ತು. ದೋಣಿ ಕಟ್ಟುವ ಕಲ್ಲು ಬೆಳಿಗ್ಗೆ ಒಣಗಿತ್ತು, ಸಂಜೆಗೆ ಅರ್ಧ ಮುಳುಗಿತ್ತು.

“ಇವತ್ತು ಬೇಡ ಮಾಷ್ಟ್ರೇ. ಮೇಲೆ ಮಳೆ ಉಂಟು, ನೀರು ಏರ್ತಾ ಉಂಟು.”

“ಕಡಲಲ್ಲಿ ತೆರೆ ಇರುದಿಲ್ವಾ?” ಎಂದು ಎಣ್ಣೆ ಹಚ್ಚಿಕೊಂಡು ಇಳಿದೇಬಿಟ್ಟರು. ಹೊಳೆಗೆ ಮನುಷ್ಯನ ಹಠ ಗೊತ್ತುಂಟಾ? ನಾನು ಕಾಲು ಹಿಡಿದಾದರೂ ನಿಲ್ಲಿಸಬೇಕಿತ್ತು.

ನಡುಹೊಳೆಯಲ್ಲಿ ಕೂಗಿದರು. “ಕೈ ಕೊಡಿ!”

ನಾನು ಹುಟ್ಟನ್ನೂ ಒಳಗೆಳೆದುಕೊಂಡು ನಕ್ಕೆ. “ಎಂತ, ಪುನಃ ದೋಣಿ ಮಾಷ್ಟ್ರಾಗುದಾ?”

ನನ್ನ ಮುಖವನ್ನೇ ನೋಡಿದರು. ಇನ್ನೊಮ್ಮೆ ಕೇಳಲಿಲ್ಲ... ನಾನು ನೀರಿಗೆ ಹಾರುವಷ್ಟರಲ್ಲಿ ಅಲ್ಲಿ ಕೆಂಪು ನೀರು ಮಾತ್ರ ಇತ್ತು.

ಮೂರನೇ ದಿನ ಉಪ್ಪಿನಂಗಡಿ ಸಂಗಮದ ಹತ್ತಿರ ಸಿಕ್ಕಿದರು. ಅವರ ಅಮ್ಮ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನೀವು ಒಟ್ಟಿಗೆ ಇದ್ದಿರಲ್ಲ ಮಗ, ಅವ ಕಡೆಗೆ ಎಂತಾದ್ರೂ ಹೇಳಿದನಾ?”

“ಇಲ್ಲ ಅಮ್ಮ” ಎಂದೆ.

ಈಗ ಅಲ್ಲಿ ಸೇತುವೆ ಉಂಟು. ದೋಣಿ ಇಲ್ಲ, ಆ ಅಮ್ಮನೂ ಇಲ್ಲ. ತಪ್ಪಾಯಿತು ಎಂದು ಹೇಳಿಕೊಳ್ಳಲು ನನಗೆ ಯಾರೂ ಉಳಿದಿಲ್ಲ.

ಮಗುವಿಗೆ ಹಚ್ಚಿ ಉಳಿದ ಎಣ್ಣೆ ಹಿಡಿದು ಸೊಸೆ ಜಗಲಿಗೆ ಬಂದಳು. “ಬೆರಳು ನೋವು ಅಂತಿದ್ರಲ್ಲ ಮಾವ, ಕೈ ಕೊಡಿ...”

ಅವಳ ಮಾತು ಮುಗಿಯುವ ಮೊದಲೇ ಕೊಟ್ಟೆ.